ಸಾಕ್ಷಿಗೆ ಕರೆ ಬಂದಾಗ

(ಕಲಿಕಾ ಕೇಂದ್ರಗಳ ಮಹಿಳೆಯರ ಮುಂದೆ ಒಬ್ಬ ಶಾಲಾ ಶಿಕ್ಷಕಿ ಮಾಡಿದ ಭಾಷಣ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನ ಕೇಂದ್ರಗಳಿಂದ ನೀವು ಬಂದೀರಿ. ಹೊಲದ ಕೆಲಸ ಬಿಟ್ಟು, ಬುತ್ತಿ ಕಟ್ಟಿಕೊಂಡು ಬಂದೀರಿ. ಕೆಲವರು ಮಗ್ಗ ನಿಲ್ಲಿಸಿ ಬಂದೀರಿ. ಅದಕ್ಕೇ ನಾನು ಹತ್ತು ವಿಷಯ ಹೇಳುವುದಿಲ್ಲ. ಒಂದೇ ಒಂದು ಕಾಗದದ ಬಗ್ಗೆ ಮಾತನಾಡುತ್ತೇನೆ.

ಆ ಕಾಗದದ ಹೆಸರು ಸಮನ್ಸು. ಅದು ಕೋರ್ಟಿನಿಂದ ಬರುವ ಕರೆ.

ಹೋದ ಸುಗ್ಗಿಯಲ್ಲಿ ನಮ್ಮ ಕೇಂದ್ರಕ್ಕೆ ಒಬ್ಬ ದೊಡ್ಡವ್ವ ಬಂದರು. ದಿನಾ ಬರುವವರೇ. ಆದರೆ ಅವತ್ತು ಪಾಟಿ, ಪುಸ್ತಕ ತಂದಿರಲಿಲ್ಲ. ಸೆರಗಿನ ತುದಿಯಲ್ಲಿ ಒಂದು ಕಾಗದ ಗಂಟು ಕಟ್ಟಿಕೊಂಡಿದ್ದರು. ಗಂಟು ಬಿಚ್ಚಿದರು. ಬೆವರಿಗೆ ಕಾಗದ ಮೆತ್ತಗಾಗಿತ್ತು.

"ಅಕ್ಕೋರ, ಪೊಲೀಸ ಬಂದು ಕೊಟ್ಟ ಹೋಗ್ಯಾನ್ರಿ. ನಾ ಏನ ಗುನ್ನೆ ಮಾಡೇನ್ರಿ?" ಎಂದು ಕೇಳಿದರು.

"ನೀವs ಓದ್ರಿ, ದೊಡ್ಡವ್ವಾ" ಎಂದೆ.

ಅವರು ಬೆರಳಿಟ್ಟು ಓದಿದರು. ಮೊದಲು ಸಿಕ್ಕಿದ್ದು ಅವರದೇ ಹೆಸರು. ಬೆರಳು ಅಲ್ಲೇ ನಿಂತಿತು. ಸರಕಾರದ ಕಾಗದದಲ್ಲಿ ತಮ್ಮ ಹೆಸರನ್ನು ತಾವೇ ಓದಿದ್ದು ಅದೇ ಮೊದಲು. ನನಗೆ ಸಂತೋಷ ಆಗಬೇಕಾಗಿತ್ತು. ಆಗಲಿಲ್ಲ. ಅವರ ಕೈ ನಡುಗುತ್ತಿತ್ತು. ಮುಂದೆ ಸಾ, ಕ್ಷಿ ಎಂದು ಕೂಡಿಸಿ ಓದಿದರು. ಆಮೇಲೆ ಕೇಸಿನ ನಂಬರು. ಆಮೇಲೆ ತಾರೀಕು, ಮುಂಜಾನೆ 11 ಗಂಟೆ. ಕೆಳಗೆ ಕೋರ್ಟಿನ ಮೊಹರು.

"ನೀವು ಗುನ್ನೆ ಮಾಡಿಲ್ಲ. ನೀವು ಸಾಕ್ಷಿ. ಕಂಡದ್ದು ಹೇಳಲಿಕ್ಕೆ ಕರೆದಾರ" ಎಂದೆ.

ಇದನ್ನು ಮೊದಲು ತಿಳಿಯಬೇಕು. ಗುನ್ನೆ ಮಾಡಿದ ಎಂದು ಯಾರ ಮೇಲೆ ಹೇಳುತ್ತಾರೋ ಅವನು ಆರೋಪಿ. ಕಂಡವರು, ಕೇಳಿದವರು ಸಾಕ್ಷಿ. ಇಬ್ಬರಿಗೂ ಬರುವ ಕಾಗದದ ಹೆಸರು ಸಮನ್ಸೇ. ಅದಕ್ಕೇ ನಮ್ಮ ಜನ ಅಂಜುತ್ತಾರೆ. ಕಾಗದದಲ್ಲಿ "ಸಾಕ್ಷಿ" ಎಂಬ ಎರಡು ಅಕ್ಷರ ಹುಡುಕಿರಿ. ನಿಮಗೆ ಆ ಎರಡೂ ಅಕ್ಷರ ಬರುತ್ತವೆ.

ದೊಡ್ಡವ್ವನ ಬಾಜೂ ಮನೆಯ ಸೊಸೆ ಬೆಂಕಿ ಹತ್ತಿ ಸತ್ತಿದ್ದಳು. ಅವತ್ತು ಕೂಗು ಕೇಳಿ ಮೊದಲು ಓಡಿದವರು ಇವರೇ. ಕೌದಿ ಹೊದಿಸಿ ಬೆಂಕಿ ಆರಿಸಿದವರೂ ಇವರೇ. ಆ ಹುಡುಗಿ ಆಗ ಏನೋ ಹೇಳಿದಳು. ಏನು ಹೇಳಿದಳು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಕೇಸು ಇನ್ನೂ ನಡೆದಿದೆ. ಊರ ಹೆಸರನ್ನೂ ಹೇಳುವುದಿಲ್ಲ. ನೀವೂ ಕೇಳಬೇಡಿರಿ.

ಆಗ ಪೊಲೀಸರು ಬಂದು ಕೇಳಿದ್ದರು. ಇವರು ಹೇಳಿದ್ದರು. ಅವರು ಬರೆದುಕೊಂಡು ಹೋಗಿದ್ದರು. ಆ ಮಾತು ಮರೆತು ಹೋಗಿತ್ತು. ಆದರೆ ಕಾಗದ ಮರೆಯುವುದಿಲ್ಲ. ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ದೋಷಾರೋಪ ಪಟ್ಟಿ ಕೊಡುತ್ತಾರೆ. ಜನ ಅದಕ್ಕೆ ಚಾರ್ಜಶೀಟ್ ಎನ್ನುತ್ತಾರೆ. ಅದರಲ್ಲಿ ಸಾಕ್ಷಿಗಳ ಹೆಸರು ಸಾಲಾಗಿ ಇರುತ್ತವೆ. ಆ ಸಾಲಿನಲ್ಲಿ ದೊಡ್ಡವ್ವನ ಹೆಸರೂ ಇತ್ತು.

ಪೊಲೀಸರು ಕೇಳಲಿಕ್ಕೆ ಬರುವ ವಿಷಯದಲ್ಲಿ ಎರಡು ಮಾತು ನೆನಪಿಡಿರಿ. ಸಾಕ್ಷಿ ಕೇಳಲಿಕ್ಕೆ ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಎಂದು ಕರೆಯುವಂತಿಲ್ಲ. ಮನೆಗೇ ಬಂದು ಕೇಳಬೇಕು. ಇದು ಹಳೆಯ ಕಾಯಿದೆಯಲ್ಲೂ ಇತ್ತು. 2024ರ ಜುಲೈ 1ರಿಂದ ಬಂದ ಹೊಸ ಕಾಯಿದೆಯಲ್ಲೂ ಇದೆ. ಹೊಸ ಕಾಯಿದೆಯ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹೆಸರು ದೊಡ್ಡದು, ಬಾಯಿಪಾಠ ಮಾಡಬೇಡಿರಿ. 60 ವರ್ಷ ದಾಟಿದ ಗಂಡಸರು, 15 ತುಂಬದ ಹುಡುಗರು, ಅಂಗವಿಕಲರು, ಬಹಳ ಜಡ್ಡಾದವರು, ಇವರಿಗೂ ಅದೇ ನಿಯಮ. ನೀವಾಗಿಯೇ ಠಾಣೆಗೆ ಹೋಗುತ್ತೇನೆ ಎಂದರೆ ಆ ಮಾತು ಬೇರೆ.

ಎರಡನೆಯದು ಸಹಿಯ ಮಾತು. ಸಹಿ ಮಾಡಲು ಕಲಿತ ಹುರುಪಿನಲ್ಲಿ ನಾವು ಕಂಡ ಕಂಡಲ್ಲಿ ಸಹಿ ಮಾಡುತ್ತೇವೆ. ನಗಬೇಡಿರಿ, ನಾನೂ ಹಾಗೇ ಮಾಡಿ ಕೆಟ್ಟವಳು. ಆ ಕಥೆ ಆಮೇಲೆ ಹೇಳುತ್ತೇನೆ. ತನಿಖೆಯಲ್ಲಿ ಸಾಕ್ಷಿ ಹೇಳಿದ ಮಾತನ್ನು ಪೊಲೀಸರು ಬರೆದುಕೊಂಡರೆ ಅದಕ್ಕೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಕಾಯಿದೆಯೇ ಬೇಡ ಎನ್ನುತ್ತದೆ. ನೀವೇ ಫಿರ್ಯಾದಿ ಕೊಟ್ಟರೆ ಅದಕ್ಕೆ ಸಹಿ ಬೇಕು. ಅದರ ಒಂದು ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು.

ಈಗ ದೊಡ್ಡವ್ವನ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇವತ್ತಿನ ಮುಖ್ಯ ಮಾತು ಅದೇ.

"ಅಕ್ಕೋರ, ಅಲ್ಲಿ ಸರಕಾರಿ ವಕೀಲರು ಇರತಾರಂತ. ಅವರು ನನ್ನ ವಕೀಲರು ಹೌದಲ್ರಿ? ನನ್ನ ಕಡೆ ಮಾತಾಡತಾರಲ್ರಿ?"

ಅಲ್ಲ, ತಾಯಿ. ಸರಕಾರಿ ವಕೀಲರು ನಿಮ್ಮ ವಕೀಲರಲ್ಲ. ಸತ್ತವಳ ತವರುಮನೆಯ ವಕೀಲರೂ ಅಲ್ಲ. ಅವರು ಸರಕಾರದ ಪರವಾಗಿ ಕೇಸು ನಡೆಸುವವರು. ಅವರನ್ನು ಕಾಗದದಲ್ಲಿ ಅಭಿಯೋಜಕರು ಎಂದು ಬರೆಯುತ್ತಾರೆ. ಬಾಯಲ್ಲಿ ಪಿ.ಪಿ. ಸಾಹೇಬರು ಎನ್ನುತ್ತಾರೆ. ತಾಲೂಕಿನ ಸಣ್ಣ ಕೋರ್ಟಿನಲ್ಲಿ ಸಹಾಯಕ ಅಭಿಯೋಜಕರು ಇರುತ್ತಾರೆ. ಕೊಲೆ, ವರದಕ್ಷಿಣೆ ಸಾವು, ಇಂಥ ದೊಡ್ಡ ಕೇಸು ಸತ್ರ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ಸರಕಾರಿ ಅಭಿಯೋಜಕರು ಇರುತ್ತಾರೆ.

ಅವರ ಕೈಯಲ್ಲಿ ಬಹಳ ಇದೆ. ಸಮನ್ಸಿನ ಮೇಲೆ ಕೋರ್ಟಿನ ಮೊಹರು ಇರುತ್ತದೆ, ಖರೆ. ಕರೆಯುವುದು ಕೋರ್ಟೇ. ಆದರೆ ಪಟ್ಟಿಯಲ್ಲಿ ಇಪ್ಪತ್ತು ಸಾಕ್ಷಿ ಇದ್ದರೆ ಯಾರನ್ನು ಮೊದಲು ಕರೆಸಬೇಕು, ಯಾರನ್ನು ಆಮೇಲೆ ಕರೆಸಬೇಕು ಎಂದು ಯೋಚನೆ ಮಾಡುವವರು ಇವರು. ಈ ಸಾಕ್ಷಿ ಬೇಡ ಎಂದು ಕೈಬಿಡುವವರೂ ಇವರೇ. ನೀವು ನಾಲ್ಕು ಸಲ ಅಲೆದು ಹೋಗಿರುತ್ತೀರಿ. ಐದನೆಯ ಸಲ "ಇವರ ಸಾಕ್ಷಿ ಬೇಕಾಗಿಲ್ಲ" ಎಂದು ಕೋರ್ಟಿಗೆ ಹೇಳಿದರೆ ಮುಗಿಯಿತು. ನೀವು ಕಟಕಟೆ ಹತ್ತದೇ ಮನೆಗೆ ಬರುತ್ತೀರಿ. ಕಂಡ ಮಾತು ನಿಮ್ಮ ಹೊಟ್ಟೆಯಲ್ಲೇ ಉಳಿಯುತ್ತದೆ.

ಸಮನ್ಸು ತೆಗೆದುಕೊಂಡೂ ಹೋಗದಿದ್ದರೆ, ವಾರಂಟು ಕೊಡಿರಿ ಎಂದು ಅವರು ಕೋರ್ಟನ್ನು ಕೇಳಬಹುದು. ಕೋರ್ಟು ಒಪ್ಪಿದರೆ ಪೊಲೀಸರು ಬಂದು ಕರೆದುಕೊಂಡು ಹೋಗುತ್ತಾರೆ. ಸರಿಯಾದ ಕಾರಣ ಇಲ್ಲದೆ ತಪ್ಪಿಸಿದ ಸಾಕ್ಷಿಗೆ ಕೋರ್ಟು ದಂಡ ಹಾಕಬಹುದು. ಹಳೆಯ ಕಾಯಿದೆಯಲ್ಲಿ ಅದು 100 ರೂಪಾಯಿವರೆಗೆ ಇತ್ತು. ಹೊಸದರಲ್ಲಿ 500 ರೂಪಾಯಿವರೆಗೆ ಆಗಿದೆ.

ಇನ್ನೂ ಒಂದು ಅಧಿಕಾರ ಇದೆ. ಅದು ಬಹಳ ಜನರಿಗೆ ಗೊತ್ತಿಲ್ಲ. ತಾವೇ ಕರೆಸಿದ ಸಾಕ್ಷಿ ತಮಗೆ ಬೇಕಾದಂತೆ ಹೇಳಲಿಲ್ಲ ಎನ್ನಿರಿ. ಆಗ ಸರಕಾರಿ ವಕೀಲರು ಕೋರ್ಟಿನ ಅಪ್ಪಣೆ ಕೇಳುತ್ತಾರೆ. ಅಪ್ಪಣೆ ಸಿಕ್ಕರೆ ಎದುರು ವಕೀಲರು ಮಾಡುವಂತೆ ತಾವೇ ಆ ಸಾಕ್ಷಿಗೆ ಪಾಟೀಸವಾಲು ಮಾಡುತ್ತಾರೆ. ಅಂಥವರಿಗೆ ಪ್ರತಿಕೂಲ ಸಾಕ್ಷಿ ಎನ್ನುತ್ತಾರೆ. ಊರಲ್ಲಿ "ಸಾಕ್ಷಿ ಉಲ್ಟಾ ಹೊಡೆದ" ಎನ್ನುತ್ತಾರೆ.

ಈ ಮಾತು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಾನೇ ಪ್ರತಿಕೂಲ ಸಾಕ್ಷಿ ಆದವಳು.

ಟಿ.ಸಿ.ಎಚ್. ಮುಗಿಸಿ ನೌಕರಿಗೆ ಸೇರಿದ ಹೊಸತು. ಮುಂಜಾನೆ ಶಾಲೆಗೆ ನಡೆದು ಹೊರಟಿದ್ದೆ. ದಾರಿಯಲ್ಲಿ ಒಂದು ಟ್ರ್ಯಾಕ್ಟರು ಕಾಲುವೆಗೆ ಉರುಳಿ ಬಿದ್ದಿತ್ತು. ಒಬ್ಬ ಹುಡುಗ ಸತ್ತಿದ್ದ. ಹೆಣ ಆಗಲೇ ತೆಗೆದುಕೊಂಡು ಹೋಗಿದ್ದರು. ಪೊಲೀಸರು ಜಾಗ ಅಳೆದು ಪಂಚನಾಮೆ ಬರೆಯುತ್ತಿದ್ದರು. ಪಂಚರು ಬೇಕಾಗಿತ್ತು. "ಟೀಚರ, ನೀವು ಕಲಿತವರು, ಒಂದು ಸಹಿ ಹಾಕ್ರಿ" ಎಂದರು. ಶಾಲೆಯ ಗಂಟೆ ಹೊಡೆಯುವ ಹೊತ್ತಾಗಿತ್ತು. ನಾನು ಓದಲಿಲ್ಲ. ಸಹಿ ಹಾಕಿ ಓಡಿದೆ.

ಮೂರು ವರ್ಷದ ಮೇಲೆ ಸಮನ್ಸು ಬಂತು. ಯಾವ ಕೋರ್ಟು ಎಂಬುದು ಬೇಡ. ಮೊದಲನೆಯ ಸಲ ಹೋದೆ. ಆರೋಪಿಯ ವಕೀಲರು ಬಂದಿರಲಿಲ್ಲ. ಮುಂದಿನ ತಾರೀಕು ಕೊಟ್ಟರು. ಎರಡನೆಯ ಸಲ ಸಾಹೇಬರು ರಜೆ. ಮೂರನೆಯ ಸಲ ಸರಕಾರಿ ವಕೀಲರಿಗೆ ಬದಲಿಯಾಗಿತ್ತು, ಹೊಸಬರು ಇನ್ನೂ ಬಂದಿರಲಿಲ್ಲ. ಪ್ರತಿ ಸಲ ಶಾಲೆಯಲ್ಲಿ ಮಕ್ಕಳನ್ನು ಇನ್ನೊಬ್ಬ ಅಕ್ಕೋರಿಗೆ ಒಪ್ಪಿಸಿ ಹೋಗಬೇಕು. ಮುಂಜಾನೆಯಿಂದ ಸಂಜೆತನಕ ವರಾಂಡದಲ್ಲಿ ಗೋಡೆಗೆ ಆತು ನಿಲ್ಲಬೇಕು. ಕಡೆಗೆ ಪಟ್ಟೇವಾಲಾ ಬಂದು ಮುಂದಿನ ತಾರೀಕು ಹೇಳುತ್ತಾನೆ. ಆಗ ನನಗೆ ನನ್ನ ಮಗ ಹೊಟ್ಟೆಯಲ್ಲಿದ್ದ. ಕೂಡಲಿಕ್ಕೆ ಒಂದು ಬಾಕು ಇರಲಿಲ್ಲ. ಹೆಣ್ಣುಮಕ್ಕಳು ಹೋಗುವ ಪಾಯಿಖಾನೆಗೆ ಬೀಗ ಹಾಕಿತ್ತು. ಕೀಲಿ ಯಾರ ಬಳಿ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ಸಲ ನನ್ನ ಹೆಸರು ಕೂಗಿದರು. ಕಟಕಟೆ ಹತ್ತಿದೆ. ಸರಕಾರಿ ವಕೀಲರು ಪಂಚನಾಮೆ ತೋರಿಸಿದರು. ಈ ಸಹಿ ನಿಮ್ಮದೇ ಎಂದರು. ನನ್ನದೇ ಎಂದೆ. ಟ್ರ್ಯಾಕ್ಟರಿನ ಗಾಲಿಯ ಗುರುತು ರಸ್ತೆಯ ಮೇಲೆ ಎಷ್ಟು ದೂರ ಇತ್ತು, ನಿಮ್ಮ ಮುಂದೆ ಅಳೆದರಲ್ಲ ಎಂದರು. ನನಗೆ ಗೊತ್ತಿಲ್ಲ ಎಂದೆ. ನಾನು ಖರೇನೇ ನೋಡಿರಲಿಲ್ಲ. ಓದಿ ಸಹಿ ಹಾಕಿದಿರಲ್ಲ ಎಂದರು. ಓದಿಲ್ಲ ಎಂದೆ.

ಅವರು ಸಾಹೇಬರ ಕಡೆ ತಿರುಗಿ ಅಪ್ಪಣೆ ಕೇಳಿದರು. ಆಮೇಲೆ ಅವರ ದನಿಯೇ ಬೇರೆ ಆಯಿತು. "ನೀವು ಆರೋಪಿಯ ಜೊತೆ ಶಾಮೀಲಾಗಿ ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ ಎಂದರೆ?" ಎಂದು ಕೇಳಿದರು. ಆರೋಪಿಯ ಮುಖವನ್ನೇ ನಾನು ಕಂಡಿರಲಿಲ್ಲ. "ಸುಳ್ಳು ರೀ" ಎಂದೆ. ಟೈಪು ಮಾಡುವವರು ಟಕಟಕ ಅದನ್ನು ಹೊಡೆದರು. ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಸತ್ತ ಹುಡುಗನ ತಂದೆ ನಿಂತಿದ್ದ. ನನ್ನನ್ನು ನೋಡಿದ. ಏನೂ ಅನ್ನಲಿಲ್ಲ.

ಮೂವತ್ತು ಮಕ್ಕಳಿಗೆ ಅಕ್ಷರ ಕಲಿಸುವವಳು ಓದದೆ ಸಹಿ ಹಾಕಿದ್ದೆ. ಆ ವಕೀಲರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಅಷ್ಟಿಲ್ಲ. ಅವರ ಮೇಜಿನ ಮೇಲೆ ಅವತ್ತು ಒಂದು ಹೊರೆ ಫೈಲಿತ್ತು. ನನ್ನ ಕೇಸಿನ ಫೈಲನ್ನು ಅವರು ಅವತ್ತೇ ಮುಂಜಾನೆ ಬಿಚ್ಚಿರಬೇಕು. ಆದರೂ ಒಂದು ಮಾತು ಹೇಳುತ್ತೇನೆ. ಕಟಕಟೆ ಹತ್ತುವ ಮೊದಲು ಐದು ನಿಮಿಷ ನನ್ನನ್ನು ಕರೆದು "ನೀವು ಏನು ಕಂಡೀರಿ" ಎಂದು ಕೇಳಿದ್ದರೆ, ಅವರೂ ಉಳಿಯುತ್ತಿದ್ದರು, ನಾನೂ ಉಳಿಯುತ್ತಿದ್ದೆ.

ಸಾಕ್ಷಿಯ ಪಾಡು ನನ್ನೊಬ್ಬಳದಲ್ಲ. 2000ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಇದನ್ನು ಬರೆದರು. ಅದು ಪಂಜಾಬದ ಸ್ವರಣ್ ಸಿಂಗ್ ಎಂಬುವರ ಕೇಸು. ಸಾಕ್ಷಿಗಳು ದೂರದಿಂದ ಬರುತ್ತಾರೆ. ಸಾಕ್ಷಿ ಹೇಳದೇ ತಿರುಗಿ ಹೋಗುತ್ತಾರೆ. ಮತ್ತೆ ಮತ್ತೆ ಬರುತ್ತಾರೆ. ಅವರಿಗೆ ಕೂಡಲು ಜಾಗ ಇಲ್ಲ, ಕುಡಿಯಲು ನೀರಿಲ್ಲ. ಖರ್ಚಿನ ರೊಕ್ಕವೂ ಹೊತ್ತಿಗೆ ಸಿಗುವುದಿಲ್ಲ. ಹೀಗೆಲ್ಲ ಆ ತೀರ್ಪಿನಲ್ಲಿ ಇದೆ. ದೇಶದ ಎಲ್ಲಕ್ಕೂ ದೊಡ್ಡ ಕೋರ್ಟಿಗೆ ಕುಡಿಯುವ ನೀರಿನ ಮಾತು ಬರೆಯಬೇಕಾಗಿ ಬಂತು ನೋಡಿರಿ.

ಅದಕ್ಕೇ ಕಂಡವರು ಕಂಡಿಲ್ಲ ಎನ್ನುತ್ತಾರೆ. 2023ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ತಾಯಿಯ ಮಾನ ಕಳೆದು ಕಂಬಕ್ಕೆ ಕಟ್ಟಿದರು. ಅವಳ ಮಗ ಒಂದು ಹುಡುಗಿಯ ಜೊತೆ ಹೋಗಿದ್ದ, ಅಷ್ಟಕ್ಕೆ. ಹೈಕೋರ್ಟು ತಾನಾಗಿಯೇ ಆ ವಿಷಯ ಕೈಗೆ ತೆಗೆದುಕೊಂಡಿತು. ಊರ ಜನ ನಿಂತು ನೋಡಿದರಲ್ಲ, ಯಾಕೆ ತಡೆಯಲಿಲ್ಲ ಎಂದು ಕೇಳಿತು. ಒಳ್ಳೆಯ ಪ್ರಶ್ನೆ. ಅಂಜಿಕೆ ಒಂದು ಕಾರಣ. ನಾಳೆ ಪೊಲೀಸು, ಕೋರ್ಟು, ತಾರೀಕು ಎಂದು ಅಲೆಯಬೇಕಲ್ಲ ಎಂಬುದು ಇನ್ನೊಂದು ಕಾರಣ. ಇದನ್ನು ನಾವು ಒಪ್ಪಿಕೊಳ್ಳಬೇಕು.

ಸಾಕ್ಷಿ ನಿಲ್ಲದಿದ್ದರೆ ಏನಾಗುತ್ತದೆ? ಕಂಬಾಲಪಲ್ಲಿಯ ಹೆಸರು ನೀವು ಕೇಳಿರಲಿಕ್ಕಿಲ್ಲ. ಅದು ಚಿಂತಾಮಣಿ ತಾಲೂಕಿನ ಹಳ್ಳಿ. ಆಗ ಕೋಲಾರ ಜಿಲ್ಲೆಯಲ್ಲಿತ್ತು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆರು ವರ್ಷ ಕೇಸು ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ ಆದರು. ಏಳು ಜೀವ ಸುಟ್ಟು ಹೋದದ್ದು ಖರೆ. ಸುಟ್ಟವರು ಯಾರು ಎಂದು ಹೇಳುವವರು ಉಳಿಯಲಿಲ್ಲ. ಆ ಸಾಕ್ಷಿಗಳನ್ನು ನಾನು ಬೈಯುವುದಿಲ್ಲ. ಅವರು ಅದೇ ಊರಲ್ಲಿ, ಅವರ ಹೊಲದಲ್ಲೇ ದುಡಿದು ತಿನ್ನಬೇಕಾಗಿತ್ತು.

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಬೇರೆ ಆಯಿತು. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 101 ಜನರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ 98 ಜನರಿಗೆ ಜೀವಾವಧಿ. ಆಮೇಲೆ ಅಪೀಲು ಹೈಕೋರ್ಟಿಗೆ ಹೋಯಿತು. ನಡುವೆ ಹತ್ತು ವರ್ಷ ಹೋದವು. ಹತ್ತು ವರ್ಷ ನೆನಪು ಇಟ್ಟುಕೊಳ್ಳುವುದು ಅಂದರೆ ಏನು ಎಂದು ಯೋಚನೆ ಮಾಡಿರಿ.

ದೂರದ ಅಮೆರಿಕದಲ್ಲಿ ಸರಕಾರಿ ವಕೀಲರ ಕೈ ಇನ್ನೂ ಉದ್ದ. ಅಲ್ಲಿ ಸಾಕ್ಷಿ ತಪ್ಪಿಸಿಕೊಂಡು ಹೋದಾರು ಎಂಬ ಸಂಶಯ ಬಂದರೆ ಸಾಕ್ಷಿಯನ್ನೇ ಹಿಡಿದು ಇಡಬಹುದು. 2015ರ ಕಡೆಯಲ್ಲಿ ಹ್ಯೂಸ್ಟನ್ ಎಂಬ ಊರಲ್ಲಿ ಅತ್ಯಾಚಾರಕ್ಕೆ ಒಳಗಾದ ಒಬ್ಬ ಹೆಣ್ಣುಮಗಳು ಸಾಕ್ಷಿ ಹೇಳುತ್ತ ಹೇಳುತ್ತ ಮನಸ್ಸು ಕೆಟ್ಟು ಬಿದ್ದಳು. ಮತ್ತೆ ಬರಲಿಕ್ಕಿಲ್ಲ ಎಂದು ಅವಳನ್ನೇ ಜೇಲಿನಲ್ಲಿ ಇಟ್ಟರು. ಸುಮಾರು ಒಂದು ತಿಂಗಳು. ಜನ ಛೀ ಎಂದರು. 2017ರಲ್ಲಿ ಆ ರಾಜ್ಯದವರು ಕಾಯಿದೆ ಮಾಡಿದರು. ಸಾಕ್ಷಿಯನ್ನು ಹೀಗೆ ಹಿಡಿದಿಡಬೇಕಾದರೆ ಮೊದಲು ಅವಳಿಗೊಬ್ಬ ವಕೀಲರನ್ನು ಕೊಡಬೇಕು ಎಂದರು. ನಮ್ಮಲ್ಲಿ ಕೋರ್ಟಿಗೆ ಹೋಗುವ ಸಾಕ್ಷಿಯನ್ನು ಪೊಲೀಸರ ಜೊತೆಗೇ ಬರಬೇಕು ಎಂದು ಒತ್ತಾಯ ಮಾಡುವಂತಿಲ್ಲ, ಸುಮ್ಮನೆ ತಡೆದು ನಿಲ್ಲಿಸುವಂತಿಲ್ಲ ಎಂದು ಕಾಯಿದೆಯಲ್ಲೇ ಬರೆದಿದೆ. ವಾರಂಟು ಬಂದರೆ ಮಾತ್ರ ಬೇರೆ. ಅದಕ್ಕೇ ಅಲ್ಲಿಯತನಕ ಬಿಡಬೇಡಿರಿ.

ಹಾಗಾದರೆ ನಾವು ಏನು ಮಾಡಬೇಕು? ನಾನು ಕಾಯಿದೆ ಕಲಿತವಳಲ್ಲ. ಕೇಳಿ ತಿಳಿದದ್ದು, ಓದಿ ತಿಳಿದದ್ದು ಹೇಳುತ್ತೇನೆ.

ಕಾಗದ ಬಂದರೆ ತೆಗೆದುಕೊಳ್ಳಿರಿ. ಬೇಡ ಎಂದು ಒಳಗೆ ಓಡಬೇಡಿರಿ. ಇಲ್ಲಿ ಒಂದು ಮಜಾ ಇದೆ. 1973ರ ಕಾಯಿದೆಯಲ್ಲಿ, ಸಮನ್ಸಿನ ಮನುಷ್ಯ ಸಿಗದಿದ್ದರೆ ಅದನ್ನು ಮನೆಯ ವಯಸ್ಸಿಗೆ ಬಂದ ಗಂಡಸಿನ ಕೈಯಲ್ಲಿ ಕೊಡಬೇಕು ಎಂದಿತ್ತು. ಮನೆಯಲ್ಲಿ ಐದು ಮಂದಿ ಹೆಂಗಸರಿದ್ದರೂ ಲೆಕ್ಕಕ್ಕಿಲ್ಲ! ಹೊಸ ಕಾಯಿದೆಯಲ್ಲಿ "ಗಂಡಸು" ಎಂಬ ಮಾತು ತೆಗೆದಿದ್ದಾರೆ. ಈಗ ಮನೆಯ ವಯಸ್ಸಿಗೆ ಬಂದ ಹೆಣ್ಣುಮಗಳೂ ತೆಗೆದುಕೊಳ್ಳಬಹುದು. ಕೇಳಿದರೆ ಇನ್ನೊಂದು ಪ್ರತಿಯ ಹಿಂದೆ ಸಹಿ ಹಾಕಬೇಕು. ಅಲ್ಲಿ ನಿಮ್ಮ ಸಹಿ ಬೇಕು, ಹಾಕಿರಿ. ಆದರೆ ಓದಿ ಹಾಕಿರಿ. ಹಳೆಯ ಕೇಸುಗಳು ಹಳೆಯ ಕಾಯಿದೆಯಂತೆಯೇ ಮುಗಿಯುತ್ತವೆ, ಅದೂ ನೆನಪಿರಲಿ. ಈಗ ಸಮನ್ಸು ಮೊಬೈಲಿಗೂ ಬರಬಹುದು. ಆದರೆ ಯಾರಾದರೂ ಫೋನಿನಲ್ಲಿ ಮುಖ ತೋರಿಸಿ "ನಿನ್ನ ಮೇಲೆ ಕೇಸು ಇದೆ, ರೊಕ್ಕ ಹಾಕು" ಎಂದರೆ ಅವರು ಕಳ್ಳರು. ಕೋರ್ಟು ಹಾಗೆ ಫೋನಿನಲ್ಲಿ ರೊಕ್ಕ ಕೇಳುವುದಿಲ್ಲ.

ಆ ದಿನ ಹೋಗಲು ಆಗದಿದ್ದರೆ ಸುಮ್ಮನೆ ಕೂಡಬೇಡಿರಿ. ಜಡ್ಡಾಗಿದ್ದರೆ ಡಾಕ್ಟರ ಚೀಟಿ ತೆಗೆಸಿ ಕೋರ್ಟಿಗೆ ಮುಟ್ಟಿಸಿರಿ. ಸುಮ್ಮನೆ ಕೂತವರಿಗೇ ವಾರಂಟು ಬರುತ್ತದೆ.

ಹೋದ ದಿನ ಮೊದಲು ಸರಕಾರಿ ವಕೀಲರನ್ನು ಕಾಣಿರಿ. ನಾನು ಕಾಣಲಿಲ್ಲ, ಕೆಟ್ಟೆ. "ಸಾಹೇಬ್ರ, ನಾನು ಇಂಥ ಕೇಸಿನ ಸಾಕ್ಷಿ, ಬಂದೇನಿ" ಎನ್ನಿರಿ. ಇದು ಯಾವ ದಿನದ, ಯಾವ ವಿಷಯದ ಕೇಸು ಎಂದು ಕೇಳಿರಿ. ಅವರು ಅದನ್ನು ಹೇಳಬಹುದು. ಆದರೆ ನೀವು ಕಾಣದ್ದನ್ನು ಕಂಡೆ ಎಂದು ಹೇಳು ಎಂದರೆ ಒಪ್ಪಬೇಡಿರಿ. ಅವರ ಕೆಲಸ ಖರೆ ಹೊರಗೆ ತರುವುದು. ಹ್ಯಾಂಗಾದರೂ ಮಾಡಿ ಗೆಲ್ಲುವುದಲ್ಲ. ಸುಳ್ಳು ಸಾಕ್ಷಿ ಹೇಳಿದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಅದು ಅನುಭವಿಸುವವರು ನೀವು, ಹೇಳಿಕೊಟ್ಟವರಲ್ಲ.

ಕಟಕಟೆಯಲ್ಲಿ "ಗೊತ್ತಿಲ್ಲ" ಎಂಬುದೂ ಉತ್ತರ. "ನೆನಪಿಲ್ಲ" ಎಂಬುದೂ ಉತ್ತರ, ಅದು ಖರೆ ಇದ್ದರೆ. ಪ್ರಶ್ನೆ ತಿಳಿಯದಿದ್ದರೆ ಸಾಹೇಬರಿಗೆ ಹೇಳಿರಿ, "ತಿಳೀಲಿಲ್ರಿ, ಇನ್ನೊಮ್ಮೆ ಕೇಳ್ರಿ" ಎಂದು. ವಕೀಲರು ಹಗುರಾಗಿ ಮಾತಾಡಿದರೆ, ಮಾನ ಕಳೆಯುವ ಪ್ರಶ್ನೆ ಕೇಳಿದರೆ, ಅದನ್ನು ನಿಲ್ಲಿಸುವ ಅಧಿಕಾರ ಸಾಹೇಬರಿಗೆ ಇದೆ. ಎಲ್ಲ ಮುಗಿದ ಮೇಲೆ ನಿಮ್ಮ ಮಾತನ್ನು ಬರೆದ ಕಾಗದವನ್ನು ನಿಮಗೆ ಓದಿ ಹೇಳಬೇಕು. ತಪ್ಪಿದ್ದರೆ ತಿದ್ದಬೇಕು. ಓದಲಿಕ್ಕೆ ಬರುತ್ತದೆ ಎಂದು ಹೇಳಿರಿ. ನಾನೇ ನೋಡತೇನಿ ಎನ್ನಿರಿ. ಗದ್ದಲದಲ್ಲಿ ಬೇಗ ಸಹಿ ಹಾಕು ಎನ್ನುತ್ತಾರೆ. ಅಲ್ಲಿ ಎರಡು ನಿಮಿಷ ನಿಲ್ಲಿರಿ.

ರೊಕ್ಕದ ಮಾತು. ಶಕ್ತಿ ಯೋಜನೆ ಬಂದ 2023ರಿಂದ ನಮಗೆ ಸರಕಾರಿ ಬಸ್ಸಿಗೆ ಟಿಕೀಟಿನ ಖರ್ಚಿಲ್ಲ. ಆದರೆ ಕೂಲಿ ಹೋಗುತ್ತದಲ್ಲ? ಸಾಕ್ಷಿಗೆ ಬಂದವರ ಯೋಗ್ಯ ಖರ್ಚನ್ನು ಸರಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಅದಕ್ಕೆ ಸಾಕ್ಷಿ ಭತ್ಯೆ ಎನ್ನುತ್ತಾರೆ. ಕೊಡಲೇಬೇಕು ಎಂದಿಲ್ಲ, ಕೊಡಬಹುದು ಎಂದಿದೆ. ಬಹಳ ಮಂದಿ ಕೇಳುವುದೇ ಇಲ್ಲ. ಅದೇ ದಿನ ಕೋರ್ಟಿನಲ್ಲೇ ಕೇಳಿರಿ. ಇನ್ನೊಂದು ಮಾತು. ಸಾಕ್ಷಿ ಬಂದು ನಿಂತಿರುವಾಗ, ವಿಶೇಷ ಕಾರಣ ಬರೆಯದೆ ಕೇಸು ಮುಂದೂಡಬಾರದು ಎಂದು ಕಾಯಿದೆ ಇದೆ. ಮುಂದೂಡಿದರೆ, ಕೇಳಿಕೊಂಡ ಕಡೆಯವರಿಂದ ಖರ್ಚು ಕೊಡಿಸಬಹುದು. ಕಾಯಿದೆಯ ಪುಸ್ತಕದಲ್ಲಿ ಇದು ಚಂದ ಇದೆ. ವರಾಂಡದಲ್ಲಿ ನಿಂತವರಿಗೆ ಇದು ಎಷ್ಟು ಸಿಕ್ಕಿದೆ ಎಂದು ನನ್ನನ್ನು ಕೇಳಬೇಡಿರಿ.

ಯಾರಾದರೂ ಅಂಜಿಸಿದರೆ? ಸುಳ್ಳು ಹೇಳು ಎಂದು ಸಾಕ್ಷಿಯನ್ನು ಅಂಜಿಸುವುದೇ ಒಂದು ಗುನ್ನೆ. ಅದಕ್ಕೂ ಏಳು ವರ್ಷದವರೆಗೆ ಶಿಕ್ಷೆ ಇದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಗುನ್ನೆಯ ಕೇಸಿನ ಸಾಕ್ಷಿಗಳು ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಡಬಹುದು. ಪೊಲೀಸರು ಮನೆಯ ಕಡೆ ಗಸ್ತು ಹಾಕಬಹುದು. ಕೋರ್ಟಿಗೆ ಜೊತೆಗೆ ಬರಬಹುದು. ಆ ಅರ್ಜಿ ಜಿಲ್ಲೆಯ ಸರಕಾರಿ ವಕೀಲರ ಮುಖ್ಯಸ್ಥರ ಮೂಲಕವೇ ಹೋಗಬೇಕು. ನೋಡಿರಿ, ಅಲ್ಲಿಯೂ ಅವರೇ! ಅದಕ್ಕೇ ಅವರನ್ನು ಕಂಡು ಓಡುವುದರಿಂದ ನಮಗೆ ಉಪಯೋಗ ಇಲ್ಲ. ಅವರ ಮುಂದೆ ನಿಂತು ಕೇಳಲು ಕಲಿಯಬೇಕು.

ನಿಮಗೇ ಒಬ್ಬ ವಕೀಲರ ಸಲಹೆ ಬೇಕಾದರೆ ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಬಡವಿ ಇರಲಿ, ಶ್ರೀಮಂತಳಿರಲಿ, ಕಾನೂನಿನ ನೆರವು ಪುಕ್ಕಟೆ. ಫೋನ್ ನಂಬರು 15100. ಈಗ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲರೂ ಬರೆದುಕೊಳ್ಳಿರಿ. ಒಂದು, ಐದು, ಒಂದು, ಸೊನ್ನೆ, ಸೊನ್ನೆ.

ದೊಡ್ಡವ್ವನ ಮಾತು ಎಲ್ಲಿಗೆ ಬಂತು ಎಂದು ಕೇಳುತ್ತೀರಿ. ಸಮನ್ಸು ಬಂದ ರಾತ್ರಿಯೇ ಬಾಜೂ ಮನೆಯವರು ಬಂದರು. ಬೈಯಲಿಲ್ಲ. ಒಂದು ಪಡಿ ಜೋಳ ತಂದಿದ್ದರು. "ಸತ್ತಾಕಿ ಎದ್ದು ಬರತಾಳೇನಬೇ? ನಾವು ನೀವು ದಿನಾ ಮುಖ ನೋಡವರು" ಎಂದರು. ದೊಡ್ಡವ್ವನ ಮಗನೂ ಅದನ್ನೇ ಅಂದ. ಅವನಿಗೆ ಅವರ ಹತ್ತಿರ ಸಾಲ ಇದೆ.

ಅವರು ನನ್ನನ್ನು ಕೇಳಿದರು, "ಏನ ಹೇಳಲೇ ಅಕ್ಕೋರ?" ನಾನು ಏನು ಹೇಳಬೇಕು ಎಂದು ಹೇಳಿಕೊಡಲಿಲ್ಲ. ಕಂಡವರು ಅವರು, ನಾನಲ್ಲ. ಕಾಗದವನ್ನು ಮತ್ತೆ ಮತ್ತೆ ಓದಿಸಿದೆ. ಮೊದಲ ತಾರೀಕಿಗೆ ಜೊತೆಗೆ ಹೋದೆ. ಕೇಸು ಮುಂದಕ್ಕೆ ಹೋಯಿತು. ಎರಡನೆಯ ತಾರೀಕಿಗೂ ಹೋದೆವು. ಅವತ್ತು ದೊಡ್ಡವ್ವ ತಾವೇ ಸರಕಾರಿ ವಕೀಲರ ಮೇಜಿನ ಮುಂದೆ ನಿಂತರು. "ಸಾಹೇಬ್ರ, ಎರಡ ದಿನದ ಕೂಲಿ ಹೋತು. ನನ್ನ ಪಾಳಿ ಯಾವಾಗ, ಖರೇ ಹೇಳ್ರಿ" ಎಂದು ಕೇಳಿದರು. ಅವರು ತಲೆ ಎತ್ತಿ ನೋಡಿದರು. ಫೈಲು ತೆಗೆದರು. ಮುಂದಿನ ಸಲ ಮೊದಲು ನಿಮ್ಮದೇ ತೆಗೆದುಕೊಳ್ಳುವಂತೆ ಕೋರ್ಟನ್ನು ಕೇಳುತ್ತೇನೆ ಎಂದರು. ಮಾಡುತ್ತಾರೋ ಇಲ್ಲವೋ ನೋಡಬೇಕು.

ಜೋಳದ ಪಡಿ ಇನ್ನೂ ಅವರ ಮನೆಯ ಕಟ್ಟೆಯ ಮೇಲೆ ಇದೆ. ಒಳಗೂ ತೆಗೆದುಕೊಂಡಿಲ್ಲ, ತಿರುಗಿಯೂ ಕೊಟ್ಟಿಲ್ಲ. ಬರುವ ಮಂಗಳವಾರ ತಾರೀಕು ಇದೆ. ನನಗೆ ಅವತ್ತು ಶಾಲೆಯಲ್ಲಿ ಪರೀಕ್ಷೆ, ರಜೆ ಸಿಗುವುದಿಲ್ಲ. ದೊಡ್ಡವ್ವನ ಜೊತೆ ಹೋಗಲು ಇಬ್ಬರು ಬೇಕು. ಮುಂಜಾನೆ ಎಂಟರ ಬಸ್ಸು. ಯಾರು ಬರುತ್ತೀರಿ, ಈಗಲೇ ಕೈ ಎತ್ತಿರಿ.